ಮ್ಯೂರಿಯಲ್ ಥ್ರೆಲ್‌ಫಾಲ್ ಬರೆದ ಒಂದು ವಾಕ್ಯ

ಮ್ಯೂರಿಯಲ್ ಥ್ರೆಲ್‌ಫಾಲ್ ತೀರಿಕೊಂಡಾಗ ನಮ್ಮ ಚಾಪೆಲ್ಲಿನ, ಅಂದರೆ ಊರಿನ ಸಣ್ಣ ಚರ್ಚಿನ, ತಿಂಗಳ ಪತ್ರಿಕೆ ಅವಳ ಬಗ್ಗೆ ನಾಲ್ಕು ಸಾಲು ಹಾಕಿತು. ಶಿಸ್ತಿನ ಹೆಂಗಸು, ಮಾತು ಕಡಿಮೆ, ಮೂವತ್ತೊಂದು ವರ್ಷ ಪದಕೋಶದ ಕೆಲಸ ಮಾಡಿದಳು, ಒಬ್ಬ ತಂಗಿಯನ್ನು ಅಗಲಿದ್ದಾಳೆ. ನಾಲ್ಕೂ ನಿಜವೇ. ಆದರೂ ಓದಿ ನನಗೆ ಮೈಯೆಲ್ಲ ಉರಿಯಿತು. ಅಷ್ಟು ವರ್ಷವೂ ಅವಳ ಪಕ್ಕದ ಮೇಜಿನಲ್ಲಿ ಕೂತು ಟೈಪ್ ಮಾಡಿದವಳು ನಾನು, ನೋರಾ ಕ್ಲೆಗ್. ನನಗೆ ಗೊತ್ತಿರುವುದು ನಾಲ್ಕು ಸಾಲಿಗಿಂತ ಜಾಸ್ತಿ, ಮತ್ತು ಅದರಲ್ಲಿ ನನ್ನ ಪಾಲೂ ಇದೆ.

ನಮ್ಮ ಊರು ವಿದರ್‌ಬೆಕ್, ಲ್ಯಾಂಕಾಶೈರಿನ ಹತ್ತಿ ಗಿರಣಿಗಳ ಕಣಿವೆ. ನಾವಿಬ್ಬರೂ ದಿನಾ ಏಳೂವರೆಯ ಬಸ್ಸಿಗೆ ಮ್ಯಾಂಚೆಸ್ಟರಿಗೆ ಹೋಗಿ ಬರುತ್ತಿದ್ದೆವು. ಅಲ್ಲಿ ಒಂದು ಪ್ರಕಾಶನದ ಮೂರನೇ ಮಹಡಿಯಲ್ಲಿ ನಮ್ಮ ಕೋಣೆ. ಕೆಲಸ ಏನೆಂದರೆ, ಶಾಲೆಗಳಿಗಾಗಿ ಒಂದು ಸಮಾನಾರ್ಥಕ ಪದಗಳ ಕೋಶ. ಹತ್ತಿರ ಹತ್ತಿರದ ಅರ್ಥವಿರುವ ಪದಗಳನ್ನು ಒಟ್ಟಿಗೆ ಹಾಕಿ, ಒಂದಕ್ಕೂ ಇನ್ನೊಂದಕ್ಕೂ ಎಲ್ಲಿ ಕೂದಲೆಳೆಯ ವ್ಯತ್ಯಾಸ ಎಂದು ಹೇಳಬೇಕು. ಪ್ರತಿ ಪದಕ್ಕೂ ಕೊನೆಯಲ್ಲಿ ಒಂದು ಉದಾಹರಣೆ ವಾಕ್ಯ ಇರಬೇಕು.

ನಮ್ಮ ಮುಖ್ಯಸ್ಥರು ಮಿಸ್ಟರ್ ಗಾರ್ಸೈಡ್. ಅವರದೊಂದು ನಿಯಮವಿತ್ತು. ಉದಾಹರಣೆಗಳನ್ನು ದೊಡ್ಡ ಲೇಖಕರಿಂದ ಎತ್ತಬಾರದು, ಅನುಮತಿ ಕೇಳುವ ತಾಪತ್ರಯ. "ನೀವೇ ಬರೀರಿ. ಮಕ್ಕಳು ಓದಿದ್ರೆ ಇದು ನಮ್ಮ ಪಕ್ಕದ ಮನೆ ಮಾತು ಅನ್ನಿಸ್ಬೇಕು" ಅನ್ನುತ್ತಿದ್ದರು. ಹಾಗಾಗಿ ನಾವೆಲ್ಲ ನಮ್ಮ ನಮ್ಮ ಮನೆಯವರನ್ನೇ ಪುಸ್ತಕಕ್ಕೆ ತುಂಬಿಸಿದೆವು. ನನ್ನ ಅತ್ತೆ ಆ ಕೋಶದಲ್ಲಿ ಏಳು ಕಡೆ ಸಿಗುತ್ತಾಳೆ. ಜಿಪುಣತನದ ಪದಗಳಲ್ಲಿ ಮೂರು ಕಡೆ, ಗೊಣಗಾಟದ ಪದಗಳಲ್ಲಿ ನಾಲ್ಕು. ಪುಣ್ಯಕ್ಕೆ ಅವಳು ಪುಸ್ತಕ ಮುಟ್ಟುವವಳಲ್ಲ. ನಮಗೆಲ್ಲ ಅದು ತಮಾಷೆಯಾಗಿತ್ತು.

ಮ್ಯೂರಿಯಲ್ ಮಾತ್ರ ತಮಾಷೆಗೆ ಬರೆಯುವವಳಲ್ಲ. ಅವಳದು ಬೂದು ಬಣ್ಣದ ಸ್ಕರ್ಟು, ಬೂದು ಬಣ್ಣದ ಸ್ವೆಟರು. ತಾಯಿಯದೊಂದು ಮುತ್ತಿನ ಬ್ರೋಚ್ ಇತ್ತು, ಅದನ್ನು ಕೋಟಿನ ಒಳಮಗ್ಗುಲಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. "ಒಳಗಡೆ ಹಾಕ್ಕೊಂಡ್ರೆ ಯಾರಿಗೆ ಕಾಣ್ಸುತ್ತೆ?" ಅಂದರೆ "ನಂಗೆ ಗೊತ್ತಿದೆಯಲ್ಲ, ಸಾಕು" ಎಂಬ ಉತ್ತರ. ಅವರಮ್ಮ ಬೆಳೆಸಿದ್ದೇ ಹಾಗೆ. ಕಳ್ಳತನ ಮಾಡಿದರೂ ಆ ತಾಯಿ ಕ್ಷಮಿಸಿಯಾಳು, ನಾಲ್ಕು ಜನರ ಮುಂದೆ ಪ್ರದರ್ಶನ ಮಾಡಿಕೊಂಡರೆ ಇಲ್ಲ.

ಅದೇ ಹೊಟ್ಟೆಯಲ್ಲಿ ಎಂಟು ವರ್ಷದ ನಂತರ ಡಾಲಿ ಹುಟ್ಟಿದಳು. ಇಬ್ಬರನ್ನೂ ಒಟ್ಟಿಗೆ ನೋಡಿದವರು ಅಕ್ಕತಂಗಿಯರೆಂದರೆ ನಂಬುತ್ತಿರಲಿಲ್ಲ. ಡಾಲಿ ಮಾರ್ಕೆಟ್ ಹಾಲಿನಲ್ಲಿ ಗುಂಡಿ, ರಿಬ್ಬನ್, ಲೇಸು ಮಾರುತ್ತಿದ್ದಳು. ಹಳದಿ ಕೋಟು, ಕೆಂಪು ಶೂ. ಕಿವಿಯಲ್ಲಿ ದ್ರಾಕ್ಷಿಯಷ್ಟು ದಪ್ಪನೆಯ ಹಸಿರು ಗಾಜು. ಅವಳು ನಕ್ಕರೆ ಮೀನಿನ ಅಂಗಡಿಯ ತನಕ ಕೇಳುತ್ತಿತ್ತು. ಗಂಡ ಫ್ರಾಂಕ್ ಬಸ್ ಕಂಡಕ್ಟರ್, ಬಾಯಿಯಿಲ್ಲದ ಮನುಷ್ಯ, ಹೆಂಡತಿ ಮಾತಾಡುವುದನ್ನು ನೋಡುತ್ತ ಕೂರುವುದೇ ಅವನ ಸುಖ. ಅವರಿಗೆ ಒಬ್ಬಳೇ ಮಗಳು, ಲಿನೆಟ್.

ಮ್ಯೂರಿಯಲ್ ತಂಗಿಯ ಬಗ್ಗೆ ಸದಾ ಸಿಡುಕುತ್ತಿದ್ದಳು. "ನಮ್ ಡಾಲಿ ನಿನ್ನೆ ಏನ್ ಹಾಕ್ಕೊಂಡು ಬಂದಿದ್ಲು ಗೊತ್ತಾ ನೋರಾ? ತಲೆ ಮೇಲೆ ಒಂದು ಇಡೀ ಹಣ್ಣಿನ ಅಂಗಡಿ!" ಅನ್ನುವಳು. ಆದರೆ ಪ್ರತಿ ಶನಿವಾರ ಕೆಲಸ ಮುಗಿಸಿ ನೆಟ್ಟಗೆ ಹೋಗುತ್ತಿದ್ದುದು ಡಾಲಿಯ ಮನೆಗೇ. ಲಿನೆಟ್‌ಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಕ್ಷರ ಕಲಿಸುವಳು. ಸೋಮವಾರ ಬಸ್ಸಿನಲ್ಲಿ ನನಗೆ ಆ ಮಗುವಿನ ಮಾತುಗಳದ್ದೇ ವರದಿ. ಅಷ್ಟು ಹೊತ್ತು ಅವಳ ಮುಖ ನೋಡುವುದಕ್ಕೆ ಚೆನ್ನಾಗಿರುತ್ತಿತ್ತು.

ಸಾವಿರದ ಒಂಬೈನೂರ ಐವತ್ತೇಳರ ಮಾರ್ಚ್‌ನಲ್ಲಿ ಲಿನೆಟ್‌ಗೆ ಮಿದುಳು ಜ್ವರ ಬಂತು. ಬುಧವಾರ ತಲೆನೋವು ಅಂದಳು, ಶುಕ್ರವಾರ ಇರಲಿಲ್ಲ. ಆರು ವರ್ಷ ವಯಸ್ಸು.

ಹೂಳುವ ದಿನ ನಾನೂ ಹೋಗಿದ್ದೆ. ಬೀದಿಯುದ್ದಕ್ಕೂ ಮನೆಗಳ ಕಿಟಕಿಗೆ ಪರದೆ ಎಳೆದಿದ್ದರು, ಗಂಡಸರು ಟೋಪಿ ತೆಗೆದು ನಿಂತಿದ್ದರು. ನಮ್ಮಲ್ಲಿ ಸಾವಿಗೆ ಯಾರೂ ಶಬ್ದ ಮಾಡಿ ಅಳುವುದಿಲ್ಲ. ಕರವಸ್ತ್ರ ಮೂಗಿಗೆ ಒತ್ತಿಕೊಳ್ಳಬಹುದು, ಅಷ್ಟಕ್ಕೆ ಮುಗಿಯಬೇಕು. ಡಾಲಿ ಹಳದಿ ಕೋಟು ಹಾಕಿಕೊಂಡು ಬಂದಿದ್ದಳು, ಮಗುವಿಗೆ ಅದು ಇಷ್ಟವೆಂದು. ಅಲ್ಲಿಗೇ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೆಟ್ಟಿಗೆ ಇಳಿಸುವಾಗ ಅವಳು ಕಿರುಚಿದಳು. ಮಣ್ಣಿನಲ್ಲಿ ಮಂಡಿಯೂರಿ, ಮಗುವಿನ ಹೆಸರು ಹಿಡಿದು, ಎದೆ ಬಡಿದುಕೊಂಡು ಅತ್ತಳು. ಕಣಿವೆಯ ಆಚೆ ಬದಿಗೂ ಕೇಳಿರಬೇಕು. ಅವಳ ಪಕ್ಕದಲ್ಲಿ ನಿಂತಿದ್ದ ಮ್ಯೂರಿಯಲ್ ಕೈಗವಸು ಹಾಕಿದ ಕೈಗಳನ್ನು ಮುಂದೆ ಕಟ್ಟಿಕೊಂಡು, ತುಟಿ ಅಲುಗದ ಹಾಗೆ ಅಂದಳು, "ಏಳೇ ಡಾಲಿ. ಜನ ನೋಡ್ತಿದ್ದಾರೆ."

ಡಾಲಿಗೆ ಅದು ಕೇಳಿಸಿತೋ ಇಲ್ಲವೋ. ಕೊನೆಗೆ ಫ್ರಾಂಕ್ ಅವಳನ್ನು ಎತ್ತಿಕೊಂಡು ಹೋದ.

ಮ್ಯೂರಿಯಲ್ ಸೋಮವಾರ ಕೆಲಸಕ್ಕೆ ಬಂದಳು. ಒಂದು ಹನಿ ಕಣ್ಣೀರಿಲ್ಲ, ಒಂದು ಮಾತಿಲ್ಲ. ಗಾರ್ಸೈಡ್ ಅವರು "ಬಹಳ ಗಟ್ಟಿ ಹೆಂಗಸು" ಎಂದು ಎಲ್ಲರ ಮುಂದೆ ಹೊಗಳಿದರು. ಅವತ್ತು ಅವಳ ಮೇಜಿಗೆ ಬಂದಿದ್ದ ಪದಗಳ ಕಂತೆ ಯಾವುದು ಗೊತ್ತೇ? ಅತಿಯಾದ ಪ್ರದರ್ಶನದ ಪದಗಳು. ಅವುಗಳನ್ನು ಅವಳು ಬೇರ್ಪಡಿಸಿದ ರೀತಿ ಇವತ್ತಿಗೂ ನನ್ನ ಕಿವಿಯಲ್ಲಿದೆ, ಏಕೆಂದರೆ ಬರೆಯುವ ಮುಂಚೆ ಅವಳು ನನಗೆ ಬಾಯಲ್ಲಿ ಹೇಳಿ ನೋಡುತ್ತಿದ್ದಳು.

"ಶೋಯಿ ಅಂದ್ರೆ ಕಣ್ಣು ಸೆಳೆಯೋದು, ಅಷ್ಟೇ. ಡೇಲಿಯಾ ಹೂವೂ ಶೋಯಿನೇ, ಅದು ಡೇಲಿಯಾದ ತಪ್ಪಲ್ಲ. ಗಾರಿಶ್ ಅಂದ್ರೆ ಬಣ್ಣ ಜಾಸ್ತಿಯಾಗಿ ಕಣ್ಣಿಗೆ ಹೊಡೆಯೋದು. ಫ್ಲಾಂಬಾಯಂಟ್‌ನಲ್ಲಿ ಒಂದು ಧೈರ್ಯ ಇದೆ ನೋಡು, ಬೈಯೋವಾಗ್ಲೂ ನಮಗೆ ಒಳಗೊಳಗೇ ಮೆಚ್ಚಿಗೆ ಇರುತ್ತೆ. ಪ್ರಿಟೆನ್ಷಸ್ ಅನ್ನೋನು ತನ್ನ ಹತ್ರ ಇಲ್ಲದ್ದನ್ನ ಇದೆ ಅಂತ ತೋರಿಸ್ತಾನೆ."

"ಆಸ್ಟೆಂಟೇಶಸ್?" ಅಂದೆ.

"ಅದು ಬೇರೆ. ಅವನ ಹತ್ರ ಇದೆ. ಇರೋದನ್ನೇ, ಬೇರೆಯವ್ರು ನೋಡ್ಲಿ ಅಂತಲೇ ತೋರಿಸ್ತಾನೆ. ಅದಕ್ಕೆ ನೋಡೋರು ಬೇಕೇ ಬೇಕು. ನೋಡೋರು ಇಲ್ದಿದ್ರೆ ಅವನು ಅದನ್ನ ಮಾಡೋದೇ ಇಲ್ಲ."

ಇದಕ್ಕಿಂತ ಚೊಕ್ಕವಾಗಿ ಯಾರೂ ಹೇಳಲಾರರು. ಮಧ್ಯಾಹ್ನ ಆ ಹಾಳೆ ನನ್ನ ಮೇಜಿಗೆ ಬಂತು. ಆಸ್ಟೆಂಟೇಶಸ್ ಪದದ ಕೆಳಗೆ, ಅವಳ ಸಣ್ಣ ದುಂಡು ಅಕ್ಷರದಲ್ಲಿ ಈ ಉದಾಹರಣೆ ಇತ್ತು: ಆ ತಾಯಿಯ ದುಃಖ ಎಷ್ಟು ಆಸ್ಟೆಂಟೇಶಸ್ ಆಗಿತ್ತೆಂದರೆ, ಗೋರಿಯ ಸುತ್ತ ನಿಂತವರು ಮುಖ ತಿರುಗಿಸಿಕೊಂಡರು.

ನನ್ನ ಬೆರಳು ನಿಂತವು. ತಲೆಯೆತ್ತಿ ಅವಳನ್ನು ನೋಡಿದೆ. ಅವಳು ಮುಂದಿನ ಹಾಳೆಗೆ ಗೆರೆ ಎಳೆಯುತ್ತಿದ್ದಳು. ಒಂದು ಮಾತು ಅಂದಿದ್ದರೆ ಸಾಕಿತ್ತು. "ಇದು ಬೇಡ ಮ್ಯೂರಿಯಲ್" ಎಂಬ ಮೂರು ಪದ ನಾನು ಹೇಳಲಿಲ್ಲ. ನಮ್ಮ ಕೋಣೆಯಲ್ಲಿ ಯಾರೂ ಇನ್ನೊಬ್ಬರ ಮನೆಯ ವಿಷಯಕ್ಕೆ ಕೈ ಹಾಕುವುದಿಲ್ಲ, ಅದನ್ನೇ ನಾವು ಸಭ್ಯತೆ ಎಂದುಕೊಂಡಿದ್ದೆವು. ಟೈಪ್ ಮಾಡಿ ಕಳಿಸಿಬಿಟ್ಟೆ. ನನ್ನ ಈ ಹೇಡಿತನಕ್ಕೆ ಬೆಂಕಿ ಬೀಳಲಿ.

ಎರಡು ವರ್ಷದ ನಂತರ ಪುಸ್ತಕ ಬಂತು. ಮುನ್ನುಡಿಯಲ್ಲಿ ಮ್ಯೂರಿಯಲ್ ಹೆಸರಿತ್ತು. ಅಷ್ಟು ಹೊತ್ತಿಗೆ ಡಾಲಿ ಸ್ವಲ್ಪ ಚೇತರಿಸಿಕೊಂಡಿದ್ದಳು. ಭಾನುವಾರಕ್ಕೊಮ್ಮೆ ಗೋರಿಯ ಹತ್ತಿರ ಹೋಗಿ ಜೋರಾಗಿ ಅತ್ತು, ಅಲ್ಲಿ ಬಣ್ಣದ ಕಾಗದದ ಗಿರಗಿಟ್ಟಲೆ ನೆಟ್ಟು ಬರುವಳು. ಸೋಮವಾರ ಮತ್ತೆ ಅಂಗಡಿಯಲ್ಲಿ ನಗುವಳು. ಅತ್ತು ಮುಗಿಸಿದವರು ನಗುವ ಹಾಗೆ ಹೊಟ್ಟೆತುಂಬ ನಗುವಳು.

ಅವಳು ತಾನೇ ಪುಸ್ತಕದಂಗಡಿಗೆ ಹೋಗಿ ಆ ಕೋಶ ಕೊಂಡು ತಂದಳು. ರಿಬ್ಬನ್ ಸುರುಳಿಗಳ ಮುಂದೆ ಅದನ್ನು ನೆಟ್ಟಗೆ ನಿಲ್ಲಿಸಿ, ಬಂದ ಗಿರಾಕಿಗಳಿಗೆಲ್ಲ ತೋರಿಸಿದ್ದೇ ತೋರಿಸಿದ್ದು. "ನಮ್ ಮ್ಯೂರಿಯಲ್ ಬರ್ದಿರೋದು ಕಣ್ರೀ! ಇಷ್ಟು ದಪ್ಪ! ನಂಗೆ ಒಂದು ಪುಟ ಓದೋಕೇ ಒಂದು ವಾರ ಬೇಕು, ಅವ್ಳು ನೋಡಿ ಬರ್ದೇ ಬಿಟ್ಳು!" ಅನ್ನುವಳು. ಅಕ್ಕನ ಬಗ್ಗೆ ಅವಳಿಗಿದ್ದ ಹೆಮ್ಮೆಗೆ ಮುಚ್ಚುಮರೆ ಇರಲಿಲ್ಲ.

ನಾನು ಆ ಶನಿವಾರ ಅರ್ಧ ಡಜನ್ ಬಿಳಿ ಗುಂಡಿ ಕೊಳ್ಳಲು ಹೋಗಿದ್ದೆ. ಇನ್ನೂ ಮೂವರು ಹೆಂಗಸರಿದ್ದರು. ಮಾಂಸದಂಗಡಿಯ ಮಿಸೆಸ್ ಗ್ರಿಮ್‌ಶಾ ಡಾಲಿಯ ಕಿವಿಯೋಲೆ ನೋಡಿ, "ಅಬ್ಬಬ್ಬಾ, ಇದೇನೇ ಡಾಲಿ, ಸಿಗ್ನಲ್ ದೀಪ ಕಿತ್ಕೊಂಡು ಬಂದ್ಯಾ?" ಎಂದು ಕೆಣಕಿದಳು.

"ತಡೀರಿ, ನಾನು ಏನು ಅಂತ ನಮ್ ಮು ಬರ್ದಿರ್ತಾಳೆ, ನೋಡೇ ಬಿಡೋಣ" ಎಂದು ಡಾಲಿ ಪುಸ್ತಕ ತೆಗೆದಳು. ಅಕ್ಕನನ್ನು ಅವಳು ಚಿಕ್ಕಂದಿನಿಂದ ಕರೆಯುತ್ತಿದ್ದುದೇ ಮು ಎಂದು. "ಡಾಲಿ, ನನ್ ಗುಂಡಿ ಕೊಟ್ಬಿಡೇ, ಬಸ್ಸಿಗೆ ಹೊತ್ತಾಯ್ತು" ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಬೆರಳಿಟ್ಟು, ಶಾಲೆಯ ಮಗುವಿನ ಹಾಗೆ ರಾಗವಾಗಿ ಓದಿದಳು. ಶೋಯಿ ಓದಿ, "ನಾನೇ!" ಅಂದಳು. ಗಾರಿಶ್ ಓದಿ, "ಅದೂ ನಾನೇ!" ಅಂದಳು. ಫ್ಲಾಂಬಾಯಂಟ್ ಬಂದಾಗ ಸೊಂಟದ ಮೇಲೆ ಕೈಯಿಟ್ಟು ಒಂದು ಸುತ್ತು ತಿರುಗಿದಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಮೇಲೆ ಆಸ್ಟೆಂಟೇಶಸ್ ಬಂತು. ಅರ್ಥ ಓದಿದಳು. ಉದಾಹರಣೆಯನ್ನು ಅರ್ಧದವರೆಗೆ ಜೋರಾಗಿ ಓದಿದಳು. ಉಳಿದರ್ಧವನ್ನು ಮನಸ್ಸಿನಲ್ಲೇ ಓದಿಕೊಂಡಿರಬೇಕು, ತುಟಿ ಮಾತ್ರ ಆಡಿತು.

ಆ ಮೂವರೂ ಅವತ್ತು ಗೋರಿಯ ಹತ್ತಿರ ಇದ್ದವರೇ.

ಡಾಲಿ ಪುಸ್ತಕ ಮುಚ್ಚಿ ಕೌಂಟರಿನ ಕೆಳಗಿಟ್ಟಳು. "ಬಿಳಿ ಗುಂಡಿ ಅಲ್ವಾ ನೋರಾ? ಆರು" ಎಂದು ಎಣಿಸಿ ಪೊಟ್ಟಣ ಕಟ್ಟಿಕೊಟ್ಟಳು. ಅಳಲಿಲ್ಲ. ಅವಳು ಅಲ್ಲೇ ಕೂಗಾಡಿ ಅತ್ತಿದ್ದರೆ ನಾನು ದೇವರಿಗೆ ಕೈಮುಗಿಯುತ್ತಿದ್ದೆ.

ಮುಂದಿನ ವಾರ ಹಳದಿ ಕೋಟು ಚಾಪೆಲ್ಲಿನ ಹಳೆ ಬಟ್ಟೆಯ ಮಾರಾಟಕ್ಕೆ ಬಂತು. ಕೆಂಪು ಶೂ, ಹಸಿರು ಗಾಜು ಎಲ್ಲವೂ ಬಂದವು. ಡಾಲಿ ಕಂದು ಬಣ್ಣದ ಕೋಟು ಕೊಂಡಳು. ಗೋರಿಯ ಮೇಲಿನ ಗಿರಗಿಟ್ಟಲೆಗಳನ್ನು ಕಿತ್ತು, ಹುಲ್ಲು ಸಮನಾಗಿ ಕತ್ತರಿಸಿ, ಒಂದು ಬಿಳಿ ಹೂದಾನಿ ಇಟ್ಟಳು. ಭಾನುವಾರ ಹೋಗಿ ಐದು ನಿಮಿಷ ನೆಟ್ಟಗೆ ನಿಂತು ಬರುವಳು. ಅಂಗಡಿಯಲ್ಲಿ ಮೆಲ್ಲಗೆ ಮಾತು, ಮೆಲ್ಲಗೆ ನಗು. ಊರಿನವರಿಗೆ ಸಮಾಧಾನವಾಯಿತು. "ಅಂತೂ ಡಾಲಿಗೆ ಬುದ್ಧಿ ಬಂತು" ಅಂದರು. ಫ್ರಾಂಕ್ ಒಬ್ಬನೇ, ಬಸ್ಸಿನಲ್ಲಿ ನನಗೆ ಟಿಕೆಟ್ ಕೊಡುತ್ತ, "ಮನೇಲಿ ಸದ್ದೇ ಇಲ್ಲ, ಮಿಸೆಸ್ ಕ್ಲೆಗ್" ಎಂದ. ಅವನ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು.

ಮ್ಯೂರಿಯಲ್‌ಗೆ ವಿಷಯ ತಿಳಿದದ್ದು ಬಾಗಿಲಿನಿಂದ. ನಮ್ಮ ಸಾಲುಮನೆಗಳಲ್ಲಿ ಮುಂಬಾಗಿಲು ತೆಗೆಯುವುದು ವೈದ್ಯರಿಗೆ, ಪಾದ್ರಿಗೆ, ಶವದ ಪೆಟ್ಟಿಗೆಗೆ. ನಮ್ಮವರು ಅನ್ನುವವರೆಲ್ಲ ಹಿಂದಿನ ಗಲ್ಲಿಯಿಂದ ಬಂದು, ತಟ್ಟದೆ ನೇರ ಅಡುಗೆಮನೆಗೆ ನುಗ್ಗುತ್ತಾರೆ. ಡಾಲಿ ಅದನ್ನು ಓದಿದ ಶನಿವಾರವೇ, ಸಂಜೆ ಮ್ಯೂರಿಯಲ್ ಹೋದಾಗ ಹಿಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ತಟ್ಟಿದಳು. ಒಳಗಿನಿಂದ ಡಾಲಿ, "ಮುಂದಿನಿಂದ ಬಾ ಮು, ತೆಗೀತೀನಿ" ಅಂದಳು. ಮ್ಯೂರಿಯಲ್ ಹದಿನಾಲ್ಕು ಮನೆಗಳ ಸಾಲನ್ನು ಸುತ್ತು ಹಾಕಿ ಮುಂದಕ್ಕೆ ಬಂದಳು. ಡಾಲಿ ಅವಳನ್ನು ಮುಂದಿನ ಕೋಣೆಯಲ್ಲಿ ಕೂರಿಸಿ, ಮದುವೆಗೆ ಬಂದಿದ್ದ ಪಿಂಗಾಣಿಯಲ್ಲಿ ಚಹಾ ಕೊಟ್ಟಳು. ಹವಾಮಾನದ ಬಗ್ಗೆ ಮಾತಾಡಿದಳು. ಹೊರಡುವಾಗ "ಬಂದಿದ್ದಕ್ಕೆ ಬಹಳ ಸಂತೋಷ" ಎಂದಳು. ಒಂದು ಕೆಟ್ಟ ಮಾತಿಲ್ಲ. ಸ್ವಂತ ಅಕ್ಕನನ್ನು ಅತಿಥಿ ಮಾಡಿ ಕಳಿಸಿದಳು.

ಸೋಮವಾರ ಬಸ್ಸಿನಲ್ಲಿ ಮ್ಯೂರಿಯಲ್ ಕೇಳಿದಳು, "ನಾನೇನು ಮಾಡ್ದೆ ನೋರಾ? ನಿಂಗೇನಾದ್ರೂ ಗೊತ್ತಾ?" ನಿಜವಾಗಿ ಅವಳಿಗೆ ನೆನಪಿರಲಿಲ್ಲ. ಸಾವಿರಾರು ವಾಕ್ಯ ಬರೆದವಳು. ನಾನು ಹೇಳಿದೆ. ಮ್ಯಾಂಚೆಸ್ಟರ್ ಬರುವವರೆಗೆ ಅವಳು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು. ಇಳಿಯುವ ಹೊತ್ತಿಗೆ ನನ್ನ ತೋಳು ಹಿಡಿದಳು.

"ಪದಾನೇ ತಪ್ಪು. ಅವ್ಳು ಯಾರಿಗೂ ತೋರಿಸ್ತಿರ್ಲಿಲ್ಲ. ಅವ್ಳಿಗೆ ಅಲ್ಲಿ ಜನ ಇದ್ದಿದ್ದೇ ಗೊತ್ತಿರ್ಲಿಲ್ಲ. ಅವತ್ತು ನೋಡೋರಿಗೋಸ್ಕರ ನಿಂತಿದ್ದು ನಾನು. ಮ್ಯೂರಿಯಲ್ ಎಷ್ಟು ಗಟ್ಟಿ ಅಂತ ಎಲ್ಲಾ ನೋಡ್ಲಿ ಅಂತ ನಿಂತಿದ್ದೆ. ಆ ಪದ ನಂದು ನೋರಾ, ಅವ್ಳದಲ್ಲ."

"ಇದನ್ನ ಡಾಲಿಗೆ ಹೇಳು."

"ಮೊದ್ಲು ಪುಸ್ತಕ ಸರಿ ಮಾಡ್ತೀನಿ" ಅಂದಳು.

ಇದೇ ನೋಡಿ ನಮ್ಮ ಜನ. ತಂಗಿಯ ಕಾಲು ಹಿಡಿಯುವ ಬದಲು ಮೊದಲು ಅಚ್ಚಿನ ಹಾಳೆ ತಿದ್ದಲು ಹೋಗುವುದು. ಗಾರ್ಸೈಡ್ ಅವರಿಗೆ ಅರ್ಥವೇ ಆಗಲಿಲ್ಲ. "ವಾಕ್ಯ ಚೆನ್ನಾಗೇ ಇದೆಯಲ್ಲ ಮಿಸ್ ಥ್ರೆಲ್‌ಫಾಲ್, ಅರ್ಥ ಎಷ್ಟು ಸ್ಪಷ್ಟವಾಗಿದೆ!" ಅಂದರು. ಪುಟಗಳನ್ನು ಸೀಸದ ಫಲಕದಲ್ಲಿ ಎರಕ ಹೊಯ್ದಾಗಿತ್ತು. ಮರುಮುದ್ರಣ ಬರುವ ತನಕ ಕಾಯಬೇಕು, ಆಗಲೂ ಹಳೆಯ ವಾಕ್ಯ ಕೊರೆದು ತೆಗೆದ ಜಾಗದಲ್ಲಿ ಅಷ್ಟೇ ಅಕ್ಷರದ ಹೊಸ ವಾಕ್ಯ ಕೂರಬೇಕು. ಮ್ಯೂರಿಯಲ್ ನಾಲ್ಕು ವರ್ಷ ಕಾದಳು. ಆ ನಾಲ್ಕು ವರ್ಷವೂ ಶನಿವಾರ ಮುಂಬಾಗಿಲು, ಪಿಂಗಾಣಿ, ಹವಾಮಾನ. ಕೊನೆಗೆ ಗಿರಣಿ ಮಾಲೀಕನ ಹೆಂಡತಿಯ ಮುತ್ತಿನ ಸರದ ಬಗ್ಗೆ ಒಂದು ವಾಕ್ಯ ಅಕ್ಷರ ಎಣಿಸಿ ಕೂರಿಸಿದಳು.

ಹೊಸ ಪ್ರತಿ ಹಿಡಿದು ಹೋಗುವಾಗ ನನ್ನನ್ನೂ ಜೊತೆಗೆ ಕರೆದುಕೊಂಡಳು, ಒಬ್ಬಳಿಗೇ ಧೈರ್ಯವಿರಲಿಲ್ಲ. ಡಾಲಿ ಪುಟ ತೆಗೆದು ನಿಧಾನವಾಗಿ ಓದಿದಳು.

"ಚೆನ್ನಾಗಿದೆ ಮು. ಕಷ್ಟಪಟ್ಟಿದ್ದೀಯ."

"ಡಾಲಿ, ಅವತ್ತು ನಾನು..." ಎಂದು ಮ್ಯೂರಿಯಲ್ ಶುರು ಮಾಡಿದಳು. ಮುಖ ಕೆಂಪಗಾಯಿತು. ನಾನು ಪಕ್ಕದಲ್ಲಿದ್ದೆ ಎಂಬುದೂ ಅಡ್ಡ ಬಂದಿರಬೇಕು, ನಾನು ಎದ್ದು ಹೊರಗೆ ಹೋಗಬೇಕಿತ್ತು. ಇಪ್ಪತ್ತು ಸಾವಿರ ಪದಗಳ ತೂಕ ಗೊತ್ತಿದ್ದವಳಿಗೆ ಒಂದೇ ಒಂದು ಬಾಯಿಗೆ ಬರಲಿಲ್ಲ.

"ಇನ್ನೊಂದು ಕಪ್ ಚಹಾ?" ಎಂದಳು ಡಾಲಿ.

ಹಾಗೇ ಹದಿನೈದು ವರ್ಷ ಕಳೆಯಿತು. ಮ್ಯೂರಿಯಲ್ ನಿವೃತ್ತಳಾದ ಮರುವರ್ಷ ಹೊಟ್ಟೆಯಲ್ಲಿ ಗಡ್ಡೆಯೆಂದರು. ಆಸ್ಪತ್ರೆಗೆ ಡಾಲಿ ದಿನಾ ಬರುತ್ತಿದ್ದಳು, ಹಾಸಿಗೆಯ ಪಕ್ಕ ನೆಟ್ಟಗೆ ಕೂತು ಹೆಣೆಯುತ್ತಿದ್ದಳು. ಈಗ ಇಬ್ಬರನ್ನೂ ನೋಡಿದವರು ಅಕ್ಕತಂಗಿಯರೇ ಎಂದು ದೂರದಿಂದಲೇ ಹೇಳುತ್ತಿದ್ದರು. ಒಂದು ಮಧ್ಯಾಹ್ನ ನಾನು ಹೂವಿನ ನೀರು ಬದಲಿಸುತ್ತಿದ್ದೆ. ಮ್ಯೂರಿಯಲ್ ಕಣ್ಣು ಬಿಟ್ಟಳು. ನರ್ಸುಗಳಿದ್ದರು, ಎದುರು ಹಾಸಿಗೆಯವರ ಮನೆಮಂದಿಯೆಲ್ಲ ಇದ್ದರು. ಅವಳು ಯಾರನ್ನೂ ಲೆಕ್ಕಿಸಲಿಲ್ಲ.

"ಡಾಲಿ, ನಾನು ಕೆಟ್ಟವಳು ಕಣೇ. ಲಿನೆಟ್‌ಗೆ ನಾನು ಅಳಲೇ ಇಲ್ಲ. ನಿನ್ನನ್ನೂ ಅಳೋಕೆ ಬಿಡ್ಲಿಲ್ಲ." ಅವಳ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. "ನಾನು ಸತ್ತಾಗ ಮೊದಲಿನ ತರ ಅಳ್ತೀಯಾ? ಜೋರಾಗಿ? ಎಲ್ರಿಗೂ ಕೇಳೋ ಹಾಗೆ?"

ಡಾಲಿ ಹೆಣಿಗೆ ಕೆಳಗಿಟ್ಟಳು. ಅಕ್ಕನ ಕೈ ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು. ಅವಳ ಬಾಯಿ ತೆರೆಯಿತು, ಮುಖವೆಲ್ಲ ಮುದುಡಿತು, ಏನೋ ಬರುತ್ತದೆಂದು ನಾನು ಕಾದೆ. ಏನೂ ಬರಲಿಲ್ಲ.

"ಆಗ್ತಿಲ್ಲ ಮು" ಎಂದಳು. "ಎಷ್ಟೋ ಸಲ ಒಬ್ಳೇ ಇದ್ದಾಗ್ಲೂ ನೋಡಿದೀನಿ. ಅದು ಹೋಗ್ಬಿಟ್ಟಿದೆ. ನಿನ್ ಮೇಲೆ ಸಿಟ್ಟಿಲ್ಲ, ದೇವ್ರಾಣೆ ಇಲ್ಲ. ಬರೋದೇ ಇಲ್ಲ ಈಗ."

ಗುರುವಾರ ಮ್ಯೂರಿಯಲ್ ಹೋದಳು. ಸೋಮವಾರ ಅವಳನ್ನು ಹೂಳಿದೆವು. ಸಣ್ಣಗೆ ಮಳೆ ಹನಿಯುತ್ತಿತ್ತು, ಡಾಲಿ ಕಂದು ಕೋಟಿನ ಗುಂಡಿ ಕತ್ತಿನವರೆಗೂ ಹಾಕಿಕೊಂಡು, ಎರಡು ಕೈಗಳನ್ನೂ ಮುಂದೆ ಕಟ್ಟಿಕೊಂಡು ನಿಂತಿದ್ದಳು. ಆಮೇಲೆ ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಹ್ಯಾಮ್ ಮತ್ತು ಚಹಾ ಇತ್ತು. ಮಿಸೆಸ್ ಗ್ರಿಮ್‌ಶಾ ಬಂದು ಡಾಲಿಯ ಭುಜ ತಟ್ಟಿದಳು.

"ಎಷ್ಟು ಚೆನ್ನಾಗಿ ತಡ್ಕೊಂಡೆ ಕಣೇ ಡಾಲಿ. ನಿಮ್ಮಮ್ಮ ಇದ್ದಿದ್ರೆ ಹೆಮ್ಮೆ ಪಡ್ತಿದ್ರು."

"ಥ್ಯಾಂಕ್ಸ್, ಮಿಸೆಸ್ ಗ್ರಿಮ್‌ಶಾ" ಎಂದು ಡಾಲಿ ಅವಳ ತಟ್ಟೆಗೆ ಇನ್ನೊಂದು ತುಂಡು ಹ್ಯಾಮ್ ಹಾಕಿದಳು.